ಜಾಹೀರಾತು, ಪತ್ರಿಕೆ, ಸಾಹಿತ್ಯ ಮತ್ತು ನಮ್ಮ ಕೇರಿ

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ 'ಆಧುನಿಕ ಸಮಾಜ ಮತ್ತು ಸಮೂಹ ಮಾಧ್ಯಮ'. ಬಿ.ಎ. ಓದುವಾಗ ಇದರ ಮೇಲೆ ಹತ್ತು ಮಾರ್ಕಿನ ಪ್ರಶ್ನೆ ಬರ್ತಿತ್ತು. ಮಾಧ್ಯಮವು ಸಮಾಜದ ಕನ್ನಡಿ ಎಂದು ಶುರು ಮಾಡಿದರೆ ಏಳು ಮಾರ್ಕು ಗ್ಯಾರಂಟಿ. ಆ ಕನ್ನಡಿಯನ್ನು ಯಾರು ದುಡ್ಡು ಕೊಟ್ಟು ತಂದರು, ಯಾರ ಮನೆಯ ಗೋಡೆಗೆ ಎಷ್ಟು ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದರು ಅಂತ ಮಾತ್ರ ಯಾವ ಮೇಷ್ಟ್ರೂ ಕೇಳಲಿಲ್ಲ. ಇವತ್ತು ಅದನ್ನೇ ಮಾತಾಡಬೇಕಾಗಿದೆ. ಯಾಕೆಂದರೆ ನಮ್ಮ ಈ ಪತ್ರಿಕೆ ಜಾಹೀರಾತು ತಗೋಬೇಕೋ ಬೇಡವೋ ಎಂಬ ಚರ್ಚೆ ನಮ್ಮೊಳಗೇ ಎದ್ದಿದೆ. ಏಪ್ರಿಲ್ 14ರ ಸಂಚಿಕೆಗೆ ಇಡೀ ಪುಟದ ಶುಭಾಶಯ ಕೊಡ್ತೀವಿ ಅಂತ ಒಬ್ಬ ವೈನ್‌ಶಾಪ್ ಮಾಲೀಕರೂ ಒಬ್ಬ ಕಂಟ್ರಾಕ್ಟರೂ ಮುಂದೆ ಬಂದಿದ್ದಾರೆ. ಕಾಗದದ ಸಾಲ ತೀರುತ್ತೆ, ತಗೊಳ್ಳಿ ಅಂತ ಕೆಲವು ಸಂಗಾತಿಗಳ ವಾದ. ಬೇಡ ಅಂತ ನನ್ನ ವಾದ. ಯಾಕೆ ಬೇಡ ಅಂತ ಹೇಳೋದಕ್ಕೆ ಸ್ವಲ್ಪ ಸುತ್ತು ಹಾಕಿ ಬರ್ತೀನಿ, ತಾಳ್ಮೆಯಿಂದ ಕೇಳಬೇಕು.

1920ರ ಜನವರಿ 31ರಂದು ಬಾಬಾಸಾಹೇಬರು 'ಮೂಕನಾಯಕ' ಪತ್ರಿಕೆ ಶುರು ಮಾಡಿದರು. ಕೊಲ್ಲಾಪುರದ ಶಾಹು ಮಹಾರಾಜರು 2500 ರೂಪಾಯಿ ಕೊಟ್ಟರು. ಇಂಥದ್ದೊಂದು ಪತ್ರಿಕೆ ಹೊರಟಿದೆ ಅಂತ ನಾಲ್ಕು ಜನಕ್ಕೆ ತಿಳಿಯಬೇಕಲ್ಲ. ತಿಲಕರ 'ಕೇಸರಿ'ಗೆ ಒಂದು ಜಾಹೀರಾತು ಕೊಡಲು ಹೋದರು. ಪುಕ್ಕಟೆ ಹಾಕಿ ಅಂತ ಬೇಡಲಿಲ್ಲ, ದುಡ್ಡು ಕೊಡ್ತೀವಿ ಎಂದರು. ಕೇಸರಿ ಹಾಕಲಿಲ್ಲ. ದುಡ್ಡಿಗೆ ಜಾತಿಯಿಲ್ಲ, ಮಾರುಕಟ್ಟೆಗೆ ಮಡಿಯಿಲ್ಲ, ದುಡ್ಡಿದ್ದರೆ ಎಲ್ಲಾ ಬಾಗಿಲೂ ತೆಗೆಯುತ್ತೆ ಅಂತ ನಮಗೆ ಉಪದೇಶ ಮಾಡುವ ಅರ್ಥಶಾಸ್ತ್ರದ ಪಂಡಿತರು ಈ ಒಂದು ಪ್ರಸಂಗವನ್ನು ಓದಬೇಕು. ಸ್ವಾತಂತ್ರ್ಯ ನನ್ನ ಜನ್ಮಸಿದ್ಧ ಹಕ್ಕು ಎಂದವರ ಪತ್ರಿಕೆಗೆ ನಮ್ಮ ಕೈಯ ಕಾಸೂ ಮೈಲಿಗೆಯಾಗಿತ್ತು.

ಅದು ನೂರು ವರ್ಷದ ಹಿಂದಿನ ಕಥೆ, ಈಗ ಕಾಲ ಬದಲಾಗಿದೆ ಅಂತೀರಾ? ಭಾನುವಾರದ ಪತ್ರಿಕೆ ಬಿಡಿಸಿ ನೋಡಿ. 'ವಧು ಬೇಕಾಗಿದ್ದಾಳೆ' ಅನ್ನುವ ಪುಟ. ಅಲ್ಲಿ ನಮ್ಮ ಇಡೀ ದೇಶ ಜಾತಿವಾರು, ಉಪಜಾತಿವಾರು, ಗೋತ್ರವಾರು ಸಾಲಾಗಿ ನಿಂತಿರುತ್ತೆ. ಅದರಲ್ಲಿ ಕೆಲವರು ಬಹಳ ಮುಂದುವರಿದವರು. 'ಜಾತಿ ಅಡ್ಡಿಯಿಲ್ಲ' ಎಂದು ಹಾಕಿಸುತ್ತಾರೆ. ಪಕ್ಕದಲ್ಲೇ ಕಂಸದೊಳಗೆ 'ಎಸ್ಸಿ, ಎಸ್ಟಿ ಹೊರತುಪಡಿಸಿ' ಎಂದಿರುತ್ತೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. ಈ ಕಂಸ ಅದನ್ನು ಪದಕ್ಕೆ ಇಷ್ಟು ಅಂತ ರೇಟು ಕಟ್ಟಿ ಅಚ್ಚು ಹಾಕಿಸುತ್ತೆ. ನನ್ನ ಕೇಳಿದರೆ, ಮುಖಪುಟದ ಸಂಪಾದಕೀಯಕ್ಕಿಂತ ಈ ಪುಟ ಹೆಚ್ಚು ಪ್ರಾಮಾಣಿಕ. ಸಮಾಜದ ಕನ್ನಡಿ ಅಂತ ಏನಾದರೂ ಇದ್ದರೆ ಇದೇ.

ಇನ್ನು ಬಣ್ಣದ ವಿಚಾರ. 1975ರಲ್ಲಿ ಹಿಂದುಸ್ತಾನ್ ಲಿವರ್ ಕಂಪನಿ ಫೇರ್ ಅಂಡ್ ಲವ್ಲಿ ಅನ್ನುವ ಕ್ರೀಮನ್ನು ಪೇಟೆಗೆ ಬಿಟ್ಟಿತು. ಆ ಜಾಹೀರಾತುಗಳನ್ನು ನೀವೆಲ್ಲ ನೋಡಿದ್ದೀರಿ. ಕಪ್ಪಗಿರುವ ಹುಡುಗಿ ಮೂಲೆಯಲ್ಲಿ ಮುಖ ಬಾಡಿಸಿಕೊಂಡು ಕೂತಿರ್ತಾಳೆ. ಕ್ರೀಮು ಹಚ್ಚುತ್ತಾಳೆ. ಬೆಳ್ಳಗಾಗ್ತಾಳೆ. ಗಂಡು ಸಿಗುತ್ತೆ, ಕೆಲಸವೂ ಸಿಗುತ್ತೆ. ಅಂದರೆ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿ ಬಿಸಿಲಿಗೆ ಬೆನ್ನು ಕೊಟ್ಟ ನಮ್ಮವ್ವನ ಬಣ್ಣ ಒಂದು ಕಾಯಿಲೆ, ಅದಕ್ಕೆ ಔಷಧಿ ಕಂಪನಿಯವನ ಹತ್ರ ಇದೆ. ಆದರೆ ಕಂಪನಿಯವನೇ ಈ ವಿಷವನ್ನು ಹುಟ್ಟಿಸಿದ ಅಂತ ಹೇಳೋಕೆ ನಾನು ತಯಾರಿಲ್ಲ. 'ಕರಿ ಬ್ರಾಹ್ಮಣನನ್ನೂ ಬಿಳಿ ಹೊಲೆಯನನ್ನೂ ನಂಬಬೇಡ' ಅಂತ ಗಾದೆ ಇದೆಯಲ್ಲ, ಅದನ್ನು ಯಾವ ಕಂಪನಿ ಕಟ್ಟಿತು? ಯಾರು ಯಾವ ಬಣ್ಣದಲ್ಲಿ ಹುಟ್ಟಬೇಕು ಅನ್ನೋದನ್ನೂ ಗೊತ್ತುಮಾಡಿಟ್ಟ ಸಮಾಜ ಇದು. ಕಂಪನಿ ಬಂದು ಆ ಗಾದೆಯನ್ನು ಟ್ಯೂಬಿಗೆ ತುಂಬಿ ಮಾರಿತು, ಅಷ್ಟೆ. 2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸಿನವನ ಮಂಡಿಯ ಕೆಳಗೆ ಉಸಿರುಗಟ್ಟಿ ಸತ್ತ. ಅಲ್ಲಿನ ಜನ ಬೀದಿಗೆ ಇಳಿದರು. ಆಮೇಲೆ ಇಲ್ಲಿ ಅದೇ ಕ್ರೀಮಿಗೆ ಗ್ಲೋ ಅಂಡ್ ಲವ್ಲಿ ಅಂತ ಹೆಸರು ಬದಲಾಯಿತು. ನಮ್ಮ ಹೆಣ್ಣುಮಕ್ಕಳು 45 ವರ್ಷ ಅನುಭವಿಸಿದ ಅವಮಾನಕ್ಕೆ ಬದಲಾಗದ ಹೆಸರು, ಸಮುದ್ರದಾಚೆಯ ಸಾವಿಗೆ ಬದಲಾಯಿತು.

ಇಲ್ಲಿಯವರೆಗೆ ಹೇಳಿದ್ದು ನಾವು ಇಲ್ಲದ ಜಾಹೀರಾತುಗಳ ಮಾತು. ನಾವು ಇದ್ದ ಒಂದು ಜಾಹೀರಾತು ನೋಡೋಣ. 2001ರಲ್ಲಿ 'ಲಗಾನ್' ಸಿನಿಮಾ ಬಂತು. ಅದರಲ್ಲಿ ಕಚ್ರಾ ಅಂತ ಒಬ್ಬ ಇದ್ದಾನೆ. ಅಸ್ಪೃಶ್ಯ. ಕೈ ಊನ. ಊರಿನವರು ಇವನನ್ನು ಆಟಕ್ಕೆ ಸೇರಿಸಿಕೊಳ್ಳಬೇಡ ಅಂತಾರೆ, ನಾಯಕ ದೊಡ್ಡ ಭಾಷಣ ಮಾಡಿ ಸೇರಿಸಿಕೊಳ್ತಾನೆ. ಕಚ್ರಾ ಅಂದರೆ ಕಸ. ನಮ್ಮಲ್ಲಿ ತಿಪ್ಪ, ತಿಪ್ಪಯ್ಯ ಅಂತ ಹೆಸರಿಡೋದಿಲ್ಲವಾ, ಹಾಗೆ. ಮಗು ಉಳಿಯಲಿ ಅಂತ ತಾಯಿ ಇಡುವ ಹೆಸರು ಬೇರೆ. ನಿನ್ನ ಯೋಗ್ಯತೆ ಇಷ್ಟೇ ಅಂತ ಊರು ಕೂಗುವ ಹೆಸರು ಬೇರೆ. 2023ರ ಜೂನ್ 5, ವಿಶ್ವ ಪರಿಸರ ದಿನ. ಮನೆಬಾಗಿಲಿಗೆ ಊಟ ತಲುಪಿಸುವ ಜೊಮಾಟೊ ಕಂಪನಿ ಒಂದು ಜಾಹೀರಾತು ಮಾಡಿತು. ತಾನು ಇಷ್ಟು ಪ್ಲಾಸ್ಟಿಕ್ ಕಸವನ್ನು ಮರುಬಳಕೆ ಮಾಡಿದ್ದೇನೆ ಅಂತ ಹೇಳಿಕೊಳ್ಳೋದಕ್ಕೆ. ಕಸ ತೋರಿಸಬೇಕಲ್ಲ? ಅದೇ ಸಿನಿಮಾದ ಕಚ್ರಾ ಪಾತ್ರ ಮಾಡಿದ ನಟನನ್ನು ಕರೆತಂದು ಅವನನ್ನೇ ದೀಪ ಮಾಡಿದರು, ಹೂಕುಂಡ ಮಾಡಿದರು. ಇಂತಿಷ್ಟು ಕಚ್ರಾದಿಂದ ಈ ವಸ್ತು ಆಗಿದೆ ಅಂತ ಲೆಕ್ಕ ಬರೆದರು. ಮನುಷ್ಯ ಅಲ್ಲಾಡದೆ ವಸ್ತುವಾಗಿ ಕೂತಿದ್ದಾನೆ!

ನಮ್ಮವರು ಕೂಗಾಡಿದರು. ಕಂಪನಿ ಜಾಹೀರಾತನ್ನು ಹಿಂದಕ್ಕೆ ತಗೊಂಡಿತು. ಕಂಪನಿ ಜಾಹೀರಾತನ್ನು ಹಿಂದಕ್ಕೆ ತಗೊಂಡಿತು. ನನ್ನನ್ನು ಕಾಡೋದು ಆ ಜಾಹೀರಾತು ಹುಟ್ಟಿದ ಕೋಣೆ. ಒಬ್ಬ ಬರೆದಿದ್ದಾನೆ, ಒಬ್ಬ ಒಪ್ಪಿದ್ದಾನೆ, ಕ್ಯಾಮರಾ ಹಿಡಿದವನು, ಲೈಟು ಬಿಟ್ಟವನು, ದುಡ್ಡು ಮಂಜೂರು ಮಾಡಿದವನು, ಇಷ್ಟು ಜನ ಓದಿದವರಿದ್ದರು. 'ಏನಪ್ಪಾ, ಇದು ತಪ್ಪಲ್ಲವಾ' ಅಂತ ಒಬ್ಬನಾದರೂ ಕೇಳಿದ್ದರೆ, ಆ ಮಾತು ನಡೆದಿದ್ದರೆ, ಅದು ಹೊರಗೆ ಬರ್ತಿರಲಿಲ್ಲ. ಅವರು ಕೆಟ್ಟವರು ಅಂತಲೂ ನಾನು ಅನ್ನೋದಿಲ್ಲ. ಅವರಿಗೆ ಅದು ತಮಾಷೆ. ನಮ್ಮ ಮನೆಯ ಹುಡುಗ ಒಬ್ಬ ಆ ಮೇಜಿನ ಸುತ್ತ ಕೂತಿದ್ದರೆ ಆ ತಮಾಷೆ ಅಲ್ಲೇ ಸಾಯ್ತಿತ್ತು. ಅದೇ ಕಂಪನಿ 2024ರ ಮಾರ್ಚಿನಲ್ಲಿ ಶುದ್ಧ ಸಸ್ಯಾಹಾರ ಒಯ್ಯೋಕೆ ಬೇರೆ ಹುಡುಗರು, ಅವರಿಗೆ ಹಸಿರು ಅಂಗಿ ಅಂತ ಹೊರಡಿಸಿತು. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದು ನೆನಪಾಗಲಿಲ್ಲವಾ ನಿಮಗೆ? ಗಲಾಟೆಯಾದ ಮೇಲೆ ಮಾರನೇ ದಿನವೇ ಎಲ್ಲರಿಗೂ ಕೆಂಪು ಅಂಗಿಯೇ ಎಂದರು.

ಪತ್ರಿಕೆಗಳ ಕೋಣೆಯೂ ಬೇರೆಯಲ್ಲ. 1996ರಲ್ಲಿ ಬಿ.ಎನ್. ಉನಿಯಾಲ್ ಎಂಬ ಪತ್ರಕರ್ತರು ದೆಹಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಿಕೊಂಡು ಹೊರಟರು. ಸರ್ಕಾರದ ಮಾನ್ಯತೆ ಪಡೆದ 686 ಜನರ ಪಟ್ಟಿ ಹಿಡಿದುಕೊಂಡು ಹುಡುಕಿದರು, ಒಬ್ಬನೂ ಸಿಗಲಿಲ್ಲ. 2019ರಲ್ಲಿ ಆಕ್ಸ್‌ಫ್ಯಾಮ್ ಮತ್ತು ನ್ಯೂಸ್‌ಲಾಂಡ್ರಿ ಸೇರಿ ಲೆಕ್ಕ ಹಾಕಿದರು. ಅವರು ನೋಡಿದ 121 ಮೇಲಿನ ಹುದ್ದೆಗಳಲ್ಲಿ 106 ಮೇಲ್ಜಾತಿಯವರದು. ದಲಿತರು, ಆದಿವಾಸಿಗಳು ಸೊನ್ನೆ. ಈ ಸೊನ್ನೆಯಿಂದ ಏನಾಗುತ್ತೆ ಅನ್ನೋದಕ್ಕೆ ನಮ್ಮದೇ ನಾಡಿನ ಒಂದು ಪ್ರಸಂಗ ಹೇಳ್ತೀನಿ.

ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದರು. ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧ ಮಾಡಿಸಿದ ಮನುಷ್ಯ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ದನಕ್ಕೆ ಹಾಕುವ ಬೂಸಾ. ಮಾತು ಪತ್ರಿಕೆಗೆ ಬಂತು. ಊರೂರಲ್ಲಿ ಮೆರವಣಿಗೆ, ಕಲ್ಲು, ಹಾಸ್ಟೆಲಿನ ನಮ್ಮ ಹುಡುಗರಿಗೆ ಹೊಡೆತ. ಕಡೆಗೆ ಮಂತ್ರಿಗಿರಿಯೂ ಹೋಯಿತು. ಈಗ ಯೋಚನೆ ಮಾಡಿ. ಒಬ್ಬ ಮನುಷ್ಯ ಎರಡು ಕೆಲಸ ಮಾಡಿದ. ಒಂದು, ಸಾವಿರಾರು ಜನರ ತಲೆಯಿಂದ ಮಲದ ಬುಟ್ಟಿ ಇಳಿಸಿದ. ಇನ್ನೊಂದು, ಒಂದು ಶಬ್ದ ಆಡಿದ. ಇವತ್ತಿಗೂ ಆತನ ಹೆಸರು ಹೇಳಿದರೆ ಆ ಶಬ್ದ ಮೊದಲು ಬಾಯಿಗೆ ಬರುತ್ತೆ, ಬುಟ್ಟಿ ಬರೋದಿಲ್ಲ. ಇದು ಸುದ್ದಿ ಮಾಡುವವರ ಶಕ್ತಿ. ಏನು ನೆನಪಿರಬೇಕು ಅನ್ನೋದನ್ನು ಅವರು ಆರಿಸುತ್ತಾರೆ. ಬುಟ್ಟಿ ಹೊತ್ತವರಲ್ಲಿ ಯಾರಾದರೂ ಆ ವಾರ ಸಂಪಾದಕನ ಕುರ್ಚಿಯಲ್ಲಿ ಕೂತಿದ್ದರೆ ತಲೆಬರಹ ಬೇರೆ ಇರ್ತಿತ್ತು.

ಆತ ಹೇಳಿದ್ದು ಸರಿಯೋ ತಪ್ಪೋ? ಸಾಹಿತ್ಯದ ವಿದ್ಯಾರ್ಥಿಯಾಗಿ ನಾನೂ ಉತ್ತರ ಕೊಡಬೇಕು. ಶಿವರಾಮ ಕಾರಂತರ 'ಚೋಮನ ದುಡಿ' 1933ರದು. ಬಿ.ವಿ. ಕಾರಂತರು ಅದನ್ನು 1975ರಲ್ಲಿ ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ಬೇಸಾಯ ಮಾಡಬೇಕು ಅಂತ ಆಸೆಪಟ್ಟ ಹೊಲೆಯರ ಚೋಮನಿಗೆ ಭೂಮಿ ಸಿಗೋದಿಲ್ಲ. ಕಡೆಗೆ ದುಡಿ ಬಾರಿಸುತ್ತಾ ಸಾಯ್ತಾನೆ. 1933ರಲ್ಲಿ ಅಷ್ಟು ಬರೆಯೋದಕ್ಕೆ ಎದೆ ಬೇಕಿತ್ತು, ಇದು ಬೂಸಾ ಅಲ್ಲ. ಆದರೂ ಅದನ್ನು ಓದಿ ಮುಗಿಸುವ ದೊಡ್ಡ ಮನೆಯವರು ಕಣ್ಣು ಒರೆಸಿಕೊಂಡು ಹಗುರಾಗ್ತಾರೆ. ಅವರ ಗದ್ದೆ ಅವರ ಹತ್ರವೇ ಇರುತ್ತೆ. ಚೋಮ ಎದ್ದು ನಿಂತು ಗದ್ದೆ ಕೇಳಿದ್ದರೆ ಅಷ್ಟು ಅಳ್ತಿದ್ದರಾ ಅಂತ ನನಗೆ ಅನುಮಾನ. ಗದ್ದೆ ಕೇಳುವ ದನಿ ಬಂದದ್ದು ನಮ್ಮವರು ಬರೆದಾಗ. ದೇವನೂರ ಮಹಾದೇವರ 'ದ್ಯಾವನೂರು' 1973ರಲ್ಲಿ ಬಂತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಆ ಕ್ರೀಮು ಬಂದ ವರ್ಷವೇ ಈ ಹಾಡೂ ಬಂತು ನೋಡಿ. ಕ್ರೀಮಿಗೆ ದೇಶದ ತುಂಬಾ ಜಾಹೀರಾತು. ಹಾಡಿಗೆ ಯಾವ ಜಾಹೀರಾತೂ ಇರಲಿಲ್ಲ. ತಮಟೆ ಹಿಡಿದು ಕೇರಿಯಿಂದ ಕೇರಿಗೆ ಬಾಯಿಂದ ಬಾಯಿಗೆ ಹೋಯ್ತು.

ಟಿ.ವಿ. ವಿಚಾರ ಬಿಟ್ಟರೆ ನೀವು ಬಿಡೋದಿಲ್ಲ. 2020ರಲ್ಲಿ, ಕೊರೊನಾ ಕಾಲದಲ್ಲಿ, ಜೀ ಕನ್ನಡದಲ್ಲಿ 'ಮಹಾನಾಯಕ' ಧಾರಾವಾಹಿ ಶುರುವಾಯಿತು. ಹಿಂದಿಯಿಂದ ಡಬ್ಬಿಂಗ್ ಮಾಡಿದ್ದು. ಶಾಲೆಯಲ್ಲಿ ಪುಟ್ಟ ಭೀಮರಾಯ ದೂರ ಕೂರೋದನ್ನು, ನೀರಿಗೆ ಕಾಯೋದನ್ನು ನಮ್ಮ ಮಕ್ಕಳು ಮೊದಲ ಸಲ ಕಣ್ಣಾರೆ ನೋಡಿದರು. ಮುದುಕಿಯರು ಕಣ್ಣೀರು ಹಾಕಿದರು. ನಮ್ಮ ಹುಡುಗರು ಕೂಲಿ ದುಡ್ಡು ಒಟ್ಟು ಮಾಡಿ ಊರೂರಿಗೆ ಧಾರಾವಾಹಿಯ ಫ್ಲೆಕ್ಸ್ ಕಟ್ಟಿದರು. ಕೆಲವು ಕಡೆ ಆ ಫ್ಲೆಕ್ಸ್ ಹರಿದರು. ವಾಹಿನಿಯ ಮುಖ್ಯಸ್ಥರಿಗೆ ಬೆದರಿಕೆ ಕರೆಗಳು ಬಂದವು. ಅಂದರೆ ಟಿ.ವಿ.ಯ ಸಣ್ಣ ಪರದೆಯಲ್ಲಿ ಬಾಬಾಸಾಹೇಬರು ಬಂದರೂ ಊರಿಗೆ ಸಹಿಸೋಕಾಗೋದಿಲ್ಲ. ಇದು ಆ ಧಾರಾವಾಹಿ ಮಾಡಿದ ದೊಡ್ಡ ಕೆಲಸ, ನಾನು ಅಲ್ಲಗಳೆಯೋದಿಲ್ಲ. ಆದರೆ ಲೆಕ್ಕ ಹಾಕಿ. ತನ್ನ ಕಾರ್ಯಕ್ರಮಕ್ಕೆ ಪ್ರಚಾರ ಕೊಡಬೇಕಾದ್ದು ಕಂಪನಿ. ಅದರ ಜಾಹೀರಾತಿನ ಖರ್ಚನ್ನು ಕೂಲಿ ಹುಡುಗರು ಕೊಟ್ಟರು. ಅದೇ ಉತ್ಸಾಹದ ಕಾಲುಭಾಗ ಈ ನಮ್ಮ ಪತ್ರಿಕೆಗೆ ಬಂದಿದ್ದರೆ ಇವತ್ತು ವೈನ್‌ಶಾಪಿನವರ ಮಾತೇ ಏಳ್ತಿರಲಿಲ್ಲ.

ಆ ಮಾತಿಗೇ ಬರ್ತೀನಿ. 'ಹೆಂಡ ಬೇಡ' ಅಂತ ದಲಿತ ಸಂಘರ್ಷ ಸಮಿತಿ ಊರೂರು ಕೂಗಿಕೊಂಡು ಬಂದ ನಾಡು ಇದು. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು, ಕೇರಿಯಿಂದ ವೈನ್‌ಶಾಪಿಗೆ ಹೋಗುವ ಕಾಲುದಾರಿ ಮಾತ್ರ ನಿಲ್ಲಲಿಲ್ಲ. ಅಪ್ಪನ ಕೂಲಿ ಆ ಗಲ್ಲಾ ಪೆಟ್ಟಿಗೆಗೆ ಹೋಗಿ, ಅದರಲ್ಲಿ ಒಂದು ಚೂರು ಶುಭಾಶಯವಾಗಿ ನಮ್ಮ ಪತ್ರಿಕೆಗೆ ವಾಪಸು ಬರಬೇಕಾ? ಕಂಟ್ರಾಕ್ಟರ ಪುಟ ಹಾಕಿದ ಮೇಲೆ, ಅವರ ಕೆಲಸದಲ್ಲಿ ಮ್ಯಾನ್‌ಹೋಲಿಗೆ ಇಳಿದ ನಮ್ಮ ಹುಡುಗ ಸತ್ತರೆ ಆ ಸುದ್ದಿಯನ್ನು ನಾವು ಯಾವ ಪುಟದಲ್ಲಿ ಹಾಕ್ತೀವಿ? ಹಾಕ್ತೀವಿ ಅಂತ ನೀವು ಹೇಳಬಹುದು. ಹಾಕುವ ಮುಂಚೆ ಒಂದು ನಿಮಿಷ ಯೋಚನೆ ಮಾಡ್ತೀವಲ್ಲ, ಆ ನಿಮಿಷವನ್ನೇ ಅವರು ಕೊಂಡುಕೊಳ್ಳೋದು.

ಜಾಹೀರಾತಿಲ್ಲದೆ ಪತ್ರಿಕೆ ನಡೆಯೋದಿಲ್ಲ ಅನ್ನುವವರಿಗೆ ಒಂದು ಮಾತು. ಪಿ. ಲಂಕೇಶರು 1980ರಲ್ಲಿ ಶುರು ಮಾಡಿದ ಪತ್ರಿಕೆ ಜಾಹೀರಾತು ತಗೊಳ್ಳದೆ ಓದುಗರ ಕಾಸಿನಲ್ಲೇ ನಡೆಯಿತು. ಅವರಿಗಿದ್ದ ಹೆಸರು ನಮಗಿಲ್ಲ, ಒಪ್ಪುತ್ತೇನೆ. ಅವರು ಮಾಡಿದಷ್ಟು ಖರ್ಚೂ ನಮಗಿಲ್ಲವಲ್ಲ. ಕಾಗದ, ಮಸಿ, ಬಸ್‌ಚಾರ್ಜು.

ಅದಕ್ಕೆ ನನ್ನ ಸೂಚನೆ ಇಷ್ಟು. ಬಂದಿರುವ ಎರಡೂ ಪುಟಗಳನ್ನು ವಾಪಸು ಕಳಿಸೋಣ. ಪ್ರತಿ ಶಾಖೆಯವರು ಈಗ ಒಯ್ಯುವ ಪ್ರತಿಗಳ ಜೊತೆ ಇನ್ನೂ ಹತ್ತು ಒಯ್ಯಬೇಕು, ಮಾರಿದ ದುಡ್ಡನ್ನು ತಿಂಗಳೊಳಗೆ ತಂದುಕೊಡಬೇಕು. ಹಳೇ ಬಾಕಿ ಯಾರದು ಎಷ್ಟು ಅಂತ ಇಲ್ಲಿ ಓದಿ ಹೇಳೋದಿಲ್ಲ, ಅವರವರಿಗೆ ಗೊತ್ತಿದೆ. ಕೊನೇ ಪುಟವನ್ನು ಜಾಹೀರಾತಿಗೇ ಬಿಡೋಣ, ಪುಕ್ಕಟೆ. ಟೈಲರಿಂಗ್ ಕಲಿತು ಮೆಷಿನ್ ಇಟ್ಟ ನಮ್ಮ ಅಕ್ಕನ ಹೆಸರು ಬರಲಿ, ಮೆಟ್ಟು ಹೊಲಿಯುವ ನಮ್ಮಣ್ಣನ ವಿಳಾಸ ಬರಲಿ. ಜಾತಿ ಕೇಳದೆ ಮನೆ ಬಾಡಿಗೆಗೆ ಕೊಡುವವರು ಊರಲ್ಲಿ ಯಾರಾದರೂ ಇದ್ದರೆ ಅವರದ್ದೂ ಬರಲಿ. ಜಾತಿ ಬಿಟ್ಟು ಮದುವೆಯಾಗೋಕೆ ತಯಾರಿರುವವರೂ ಬರೆದು ಕಳಿಸಲಿ, ಆದರೆ ಕಂಸ ಹಾಕಬಾರದು.

ಊಟವಾದ ಮೇಲೆ ಕೈ ಎತ್ತಿಸಿ ತೀರ್ಮಾನ ಮಾಡಿ ಅಂತ ಅಧ್ಯಕ್ಷರನ್ನು ಕೇಳಿಕೊಳ್ತೇನೆ. ಜೈಭೀಮ್.