ಹಾರುವ ಮೊದಲು, ನೆಲದ ಮೇಲೆ

(ವಾರಾಂತ್ಯ ಕನ್ನಡ ಶಾಲೆಯ ಪ್ರಮಾಣಪತ್ರ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಸಾಹಿತಿಯಲ್ಲ, ಭಾಷೆಯ ಪಂಡಿತನೂ ಅಲ್ಲ. ತಿರುಗುವ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಕರೆದವರು "ನಿಮಗೆ ಗೊತ್ತಿರುವುದನ್ನೇ ಹೇಳಿ, ಆದರೆ ಕನ್ನಡದಲ್ಲಿ ಹೇಳಿ" ಎಂದರು. ಹಾಗಾಗಿ ಒಂದು ಎಂಜಿನ್ನಿನ ವಿಷಯ ಹೇಳುತ್ತೇನೆ. ವಿಮಾನದ ಎಂಜಿನ್ನನ್ನು ಆಕಾಶಕ್ಕೆ ಬಿಡುವ ಮೊದಲು ನೆಲದ ಮೇಲೆ ಹೇಗೆ ಪರೀಕ್ಷೆ ಮಾಡುತ್ತಾರೆ ಎನ್ನುವ ವಿಷಯ. ಇದಕ್ಕೂ ಕನ್ನಡ ತರಗತಿಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆ ಇರಲಿ, ಅಲ್ಲಿಗೇ ಬರುತ್ತೇನೆ.

ನಮ್ಮ ಕಾರಿನ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ರೋಟರಿ ಎಂಜಿನ್ನಿನಲ್ಲಿ ಪಿಸ್ಟನ್ನೂ ಇಲ್ಲ, ವಾಲ್ವೂ ಇಲ್ಲ. ಎರಡು ಬೀಜದ ಕಡಲೆಕಾಯಿಯ ಸಿಪ್ಪೆಯ ಹಾಗೆ ನಡುವೆ ಸ್ವಲ್ಪ ಒತ್ತಿದ ಒಂದು ಕೋಣೆ. ಅದರೊಳಗೆ ಮೂರು ಮೂಲೆಯ ಒಂದು ಗುಂಡು ತಿರುಗುತ್ತದೆ. ಆ ಮೂರು ಮೂಲೆಗಳು ಯಾವಾಗಲೂ ಗೋಡೆಗೆ ತಾಗಿಕೊಂಡೇ ಇರಬೇಕು. ಅದಕ್ಕಾಗಿ ಮೂಲೆಗೊಂದು ತೆಳುವಾದ ಸೀಲು ಇರುತ್ತದೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಎಂಬವರ ಕಲ್ಪನೆ ಇದು. ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಇದರ ಮೊದಲ ಎಂಜಿನ್ ಓಡಿತು. ಗಾತ್ರ ಸಣ್ಣದು, ತೂಕ ಕಡಿಮೆ, ನಡುಕ ಕಡಿಮೆ. ವಿಮಾನಕ್ಕೆ ಇನ್ನೇನು ಬೇಕು?

ಅಮೆರಿಕದಲ್ಲಿ ತಮ್ಮ ಗ್ಯಾರೇಜಿನಲ್ಲೇ ವಿಮಾನ ಕಟ್ಟಿಕೊಳ್ಳುವ ಜನ ಇದ್ದಾರೆ. ಅವರಲ್ಲಿ ಕೆಲವರು ಮಾಜ್ದಾ ಕಾರಿನ 1.3 ಲೀಟರಿನ ರೋಟರಿ ಎಂಜಿನ್ ತಂದು ವಿಮಾನಕ್ಕೆ ಕೂರಿಸುತ್ತಾರೆ. ಮನೆಯಲ್ಲಿ ಕಟ್ಟುವ ವಿಮಾನ ಎಂದರೆ ನಗಬೇಡಿ. ಬೆಂಗಳೂರಿನ ನಮ್ಮ ಎನ್‌ಎಎಲ್, ಅಂದರೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, 1987ರಲ್ಲಿ ಹಾರಿಸಿದ ಪುಟ್ಟ ವಿಮಾನವೂ ಇಂಥದ್ದೇ. ಬರ್ಟ್ ರುಟಾನ್ ಎಂಬ ಅಮೆರಿಕನ್ ವಿನ್ಯಾಸಕಾರರು ಮನೆಯಲ್ಲಿ ಕಟ್ಟುವವರಿಗಾಗಿ ಬರೆದ ನಕ್ಷೆಯ ಮೇಲೆ ಕಟ್ಟಿದ್ದು ಅದು. ಅದೇ ಸಂಸ್ಥೆಯ 'ಹಂಸ' ವಿಮಾನ 1993ರಲ್ಲಿ ಹಾರಿತು. ಇಲ್ಲಿ ಅಲ್ ಖೋರ್‌ನ ಸಣ್ಣ ವಿಮಾನಗಳ ಮೇಳಕ್ಕೆ ಹೋದವರಿಗೆ ಇಂಥ ಪುಟ್ಟ ವಿಮಾನಗಳ ಪರಿಚಯ ಇದ್ದೇ ಇರುತ್ತದೆ.

ಈಗ ನೆಲದ ಪರೀಕ್ಷೆಗೆ ಬರೋಣ. ಹೊಸ ಎಂಜಿನ್ ಕೂರಿಸಿದವರು ಮೊದಲು ವಿಮಾನದ ಬಾಲವನ್ನು ಹಗ್ಗದಿಂದ ಬಿಗಿಯಾಗಿ ಕಟ್ಟುತ್ತಾರೆ. ಚಕ್ರಗಳ ಮುಂದೆ ಅಡ್ಡಗಟ್ಟೆ ಇಡುತ್ತಾರೆ. ಪ್ರೊಪೆಲ್ಲರಿನ ಹತ್ತಿರ ಒಂದು ಬೆಣಚುಕಲ್ಲೂ ಇರದಂತೆ ನೆಲ ಗುಡಿಸುತ್ತಾರೆ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ಪಕ್ಕದಲ್ಲಿ ನಿಲ್ಲುತ್ತಾರೆ. ಎಂಜಿನ್ನಿನ ಮೇಲಿನ ಮುಚ್ಚಳ ತೆಗೆದಿರುತ್ತಾರೆ, ಎಲ್ಲಿ ಸೋರಿದರೂ ಕಣ್ಣಿಗೆ ಬೀಳಲಿ ಎಂದು. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಲ್ಲರ ಕಣ್ಣು ಒಂದೇ ಗೇಜಿನ ಮೇಲೆ. ಆಯಿಲ್ ಒತ್ತಡ ಅರ್ಧ ನಿಮಿಷದೊಳಗೆ ಏರದಿದ್ದರೆ ಎಂಜಿನ್ ಬಂದ್. ಏರಿದರೂ ಕೆಲವೇ ನಿಮಿಷ ಓಡಿಸಿ ನಿಲ್ಲಿಸುತ್ತಾರೆ, ತಣ್ಣಗಾಗಲು ಬಿಡುತ್ತಾರೆ, ನಟ್ಟು ಬೋಲ್ಟು ಪೈಪು ಎಲ್ಲ ಮತ್ತೆ ನೋಡುತ್ತಾರೆ. ಆಮೇಲೆ ಇನ್ನೊಂದು ಸಲ, ಸ್ವಲ್ಪ ಹೆಚ್ಚು ಹೊತ್ತು, ಸ್ವಲ್ಪ ಹೆಚ್ಚು ವೇಗ.

ಪೂರ್ತಿ ಶಕ್ತಿಯಲ್ಲಿ ಬಹಳ ಹೊತ್ತು ಓಡಿಸುವ ಹಾಗೂ ಇಲ್ಲ. ಹಾರುವಾಗ ಎದುರು ಗಾಳಿ ಎಂಜಿನ್ನನ್ನು ತಂಪು ಮಾಡುತ್ತದೆ. ನೆಲದಲ್ಲಿ ಕಟ್ಟಿಹಾಕಿದ ವಿಮಾನಕ್ಕೆ ಆ ಗಾಳಿ ಸಿಗುವುದಿಲ್ಲ. ರೋಟರಿ ಎಂಜಿನ್ನಿಗೆ ಇನ್ನೊಂದು ಕಷ್ಟ ಉಂಟು. ಕೋಣೆಯ ಒಂದು ಬದಿಯಲ್ಲಿ ಯಾವಾಗಲೂ ತಣ್ಣನೆಯ ಗಾಳಿ ಒಳಗೆ ಬರುತ್ತದೆ, ಇನ್ನೊಂದು ಬದಿಯಲ್ಲಿ ಯಾವಾಗಲೂ ಬೆಂಕಿ. ಒಂದೇ ಗೋಡೆ ಒಂದು ಕಡೆ ಹಿಗ್ಗುತ್ತದೆ, ಇನ್ನೊಂದು ಕಡೆ ಅಷ್ಟು ಹಿಗ್ಗುವುದಿಲ್ಲ. ಆತುರದಿಂದ ಬಿಸಿ ಏರಿಸಿದರೆ ಗೋಡೆಯೂ ಸೀಲೂ ಹಾಳು.

ಇಂಧನದ ಪರೀಕ್ಷೆಯೂ ನೆಲದಲ್ಲೇ. ವಿಮಾನ ಮೇಲೇರುವಾಗ ಮೂಗು ಎಷ್ಟು ಮೇಲಿರುತ್ತದೋ ಅಷ್ಟೇ ಎತ್ತಿ ನಿಲ್ಲಿಸಿ, ಪಂಪಿನಿಂದ ಎಷ್ಟು ಪೆಟ್ರೋಲ್ ಬರುತ್ತದೆ ಎಂದು ಅಳೆಯುತ್ತಾರೆ. ಬೇಕಾದದ್ದಕ್ಕಿಂತ ಕಾಲುಭಾಗ ಹೆಚ್ಚೇ ಬರಬೇಕು. ಇಷ್ಟೆಲ್ಲ ಆದ ಮೇಲೂ ಅಮೆರಿಕದಲ್ಲಿ ಇಂಥ ಎಂಜಿನ್ನಿನ ಹೊಸ ವಿಮಾನ ಸಾಮಾನ್ಯವಾಗಿ 40 ಗಂಟೆ ಊರಿಲ್ಲದ ಕಡೆ ಹಾರಿ ತೋರಿಸಬೇಕು. ಆಮೇಲೆಯೇ ಮನೆಯವರನ್ನು ಕೂರಿಸಿಕೊಳ್ಳಬಹುದು.

ಯಾಕಿಷ್ಟು ಎಚ್ಚರ? ನೆಲದಲ್ಲಿ ಎಂಜಿನ್ ನಿಂತರೆ ಕೆಳಗಿಳಿದು ರಿಪೇರಿ ಮಾಡಬಹುದು, ಒಂದು ಮಧ್ಯಾಹ್ನ ಹಾಳಾಗುತ್ತದೆ, ಅಷ್ಟೆ. ಆಕಾಶದಲ್ಲಿ ನಿಂತರೆ ಹಾಗೆ ಇಳಿದು ರಿಪೇರಿ ಮಾಡಲು ಆಗುವುದಿಲ್ಲ. ಅದಕ್ಕೇ, ಕೆಡುವುದಿದ್ದರೆ ನೆಲದಲ್ಲೇ ಕೆಡಲಿ ಎಂದು ಬಯಸಿ ಮಾಡುವ ಪರೀಕ್ಷೆ ಇದು. ಇಲ್ಲಿ ತೊಂದರೆ ಕಂಡರೆ ಎಂಜಿನಿಯರ್ ಬೇಸರ ಮಾಡಿಕೊಳ್ಳುವುದಿಲ್ಲ. ಸಿಕ್ಕಿತಲ್ಲ ಎಂದು ಸಮಾಧಾನಪಡುತ್ತಾನೆ.

ಜಪಾನಿನ ಹಿರೋಶಿಮಾದಲ್ಲಿ ಮಾಜ್ದಾದವರು 1960ರ ದಶಕದಲ್ಲಿ ಇದನ್ನೇ ಮಾಡಿದರು. ಎಂಜಿನ್ ಓಡಿಸಿ ಬಿಚ್ಚಿ ನೋಡಿದರೆ ಒಳಗೋಡೆಯ ತುಂಬ ಗೀರುಗಳು. 'ದೆವ್ವದ ಉಗುರಿನ ಗುರುತು' ಎಂದು ಅವುಗಳಿಗೆ ಹೆಸರಿಟ್ಟರು. ಕೆನಿಚಿ ಯಮಾಮೊಟೊ ಅವರ ಮುಂದಾಳುತನದಲ್ಲಿ 47 ಎಂಜಿನಿಯರುಗಳು ಇದರ ಹಿಂದೆ ಬಿದ್ದರು. ಸೀಲು ತಿರುಗುವಾಗ ನಡುಗಿ ನಡುಗಿ ಗೋಡೆಯನ್ನು ಕೊರೆಯುತ್ತಿದೆ ಎಂದು ತಿಳಿಯಿತು. ಸೀಲಿನ ಆಕಾರ ಬದಲಿಸಿ ನೋಡಿದರು, ವಸ್ತು ಬದಲಿಸಿ ನೋಡಿದರು, ಕೊನೆಗೆ ಇಂಗಾಲ ಮತ್ತು ಅಲ್ಯೂಮಿನಿಯಂ ಸೇರಿಸಿದ ಸೀಲು ಕೈ ಹಿಡಿಯಿತು. 1967ರಲ್ಲಿ ಅವರ ರೋಟರಿ ಕಾರು ಮಾರುಕಟ್ಟೆಗೆ ಬಂತು. ಗೀರು ಕಂಡಾಗ ಅವರು ಎಂಜಿನ್ನನ್ನು ಬೈಯಲಿಲ್ಲ, ಗೀರನ್ನು ಓದಿದರು.

ನಮ್ಮ ನಾಡಿನ ಕಥೆಯೂ ಇದೆ. 2009ರ ಏಪ್ರಿಲ್‌ನಲ್ಲಿ ಕೋಲಾರದ ಹತ್ತಿರ 'ನಿಶಾಂತ್' ಎಂಬ ಪೈಲಟ್ ಇಲ್ಲದ ವಿಮಾನ ಭಾರತದಲ್ಲೇ ತಯಾರಾದ ವಾಂಕೆಲ್ ರೋಟರಿ ಎಂಜಿನ್ನಿನ ಬಲದಿಂದ ಮೊದಲ ಸಲ ಹಾರಿತು. ಅಲ್ಲಿಯವರೆಗೆ ಅದಕ್ಕೆ ಹೊರದೇಶದ ಎಂಜಿನ್ನೇ ಗತಿ. ಎಂಜಿನ್ನಿನ ಒಡಲನ್ನು, ಗೋಡೆಯ ಮೇಲಿನ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಲೇಪನವನ್ನು ಬೆಂಗಳೂರಿನ ಎನ್‌ಎಎಲ್ ಮಾಡಿತ್ತು. ಅಹಮದ್‌ನಗರದ ವಿಆರ್‌ಡಿಇ ಮತ್ತು ಬೆಂಗಳೂರಿನ ಎಡಿಇ ಕೈಜೋಡಿಸಿದ್ದವು. ಹಾರಿದ್ದು ಸುಮಾರು ಅರ್ಧ ಗಂಟೆ ಮಾತ್ರ. ಆ ಅರ್ಧ ಗಂಟೆಯ ಹಿಂದೆ ನೆಲದ ಮೇಲೆ ಎಂಜಿನ್ ಓಡಿಸಿದ, ಬಿಚ್ಚಿದ, ಮತ್ತೆ ಜೋಡಿಸಿದ ಎಷ್ಟೋ ಜನರ ದುಡಿಮೆ ಇದೆ. ನಿಶಾಂತ್ ಸೇನೆಯಲ್ಲಿ ಬಹಳ ಕಾಲ ಬಾಳಲಿಲ್ಲ ನಿಜ. ಆದರೆ ಎಂಜಿನ್ ಮಾಡಲು ಕಲಿತ ಕೈಗಳು ಕಲಿತದ್ದನ್ನು ಮರೆಯುವುದಿಲ್ಲ.

ಇನ್ನೊಂದು ಲೆಕ್ಕ ಹೇಳಿ ಮಕ್ಕಳ ವಿಷಯಕ್ಕೆ ಬರುತ್ತೇನೆ. ರೇಡಿಯೇಟರ್ ಎಷ್ಟು ಶಾಖವನ್ನು ಹೊರಹಾಕುತ್ತದೆ ಎನ್ನುವುದು ಅದರ ನೀರಿಗೂ ಹೊರಗಿನ ಗಾಳಿಗೂ ಇರುವ ಬಿಸಿಯ ಅಂತರದ ಮೇಲೆ ನಿಂತಿದೆ. ನೀರು 100 ಡಿಗ್ರಿ ದಾಟಬಾರದು ಎಂದುಕೊಳ್ಳಿ. ಬೆಂಗಳೂರಿನ 25 ಡಿಗ್ರಿ ಗಾಳಿಯಲ್ಲಿ ಅಂತರ 75. ಜುಲೈ ತಿಂಗಳಲ್ಲಿ ದೋಹಾದ 45 ಡಿಗ್ರಿ ಗಾಳಿಯಲ್ಲಿ ಅಂತರ 55 ಮಾತ್ರ. ಅದೇ ಎಂಜಿನ್, ಅದೇ ರೇಡಿಯೇಟರ್, ಆದರೆ ಹೊರಹೋಗುವ ಶಾಖ ಮುಕ್ಕಾಲಿಗಿಂತಲೂ ಸ್ವಲ್ಪ ಕಡಿಮೆ. ಮೇಲಿಂದ ಮರಳಿನ ಧೂಳು ಬೇರೆ. ಹಾಗಾಗಿ ಅಲ್ಲಿ ಪಾಸಾದ ಎಂಜಿನ್ನನ್ನು ಇಲ್ಲಿ ಮತ್ತೆ ಪರೀಕ್ಷೆ ಮಾಡಬೇಕು. ಇಲ್ಲಿ ಬೇಗ ಬಿಸಿಯಾದರೆ ಎಂಜಿನ್ ಕೆಟ್ಟದ್ದು ಎಂದು ಅರ್ಥವಲ್ಲ, ಹವೆ ಬೇರೆ ಎಂದು ಅರ್ಥ.

ನಮ್ಮ ಮಕ್ಕಳ ಕನ್ನಡವೂ ಹಾಗೇ. ಶಾಲೆಯಲ್ಲಿ ಇಂಗ್ಲಿಷ್, ಪಾಠವಾಗಿ ಅರೇಬಿಕ್, ಬಸ್ಸಿನಲ್ಲಿ ಹಿಂದಿ, ಕೆಳಗಿನ ಅಂಗಡಿಯಲ್ಲಿ ಮಲಯಾಳ. ಕನ್ನಡಕ್ಕೆ ಸಿಗುವುದು ಮನೆಯ ಊಟದ ಹೊತ್ತು ಮತ್ತು ಈ ವಾರಾಂತ್ಯದ ತರಗತಿ. ಹಾಸನದಲ್ಲೋ ಉಡುಪಿಯಲ್ಲೋ ಬೆಳೆಯುತ್ತಿರುವ ಚಿಕ್ಕಪ್ಪನ ಮಗಳ ಜೊತೆ ಹೋಲಿಸಿ "ನೋಡು, ಅವಳು ಎಷ್ಟು ಚೆನ್ನಾಗಿ ಮಾತಾಡುತ್ತಾಳೆ" ಎಂದರೆ ನಾವು ಹವೆಯನ್ನು ಮರೆತು ಎಂಜಿನ್ನನ್ನು ಬೈದ ಹಾಗಾಯಿತು.

ಮಗು ಫೋನಿನಲ್ಲಿ "ಅಜ್ಜಿ, ನಾನು ಊಟ ತಿಂದೆ" ಎನ್ನುತ್ತದೆ. ಪಕ್ಕದಲ್ಲಿ ಕೂತ ನಾವು ತಕ್ಷಣ "ಊಟ ತಿಂದೆ ಅಲ್ಲ, ಊಟ ಮಾಡಿದೆ ಅನ್ನು" ಎನ್ನುತ್ತೇವೆ. ಆ ಕಡೆ ಯಾರೋ ನಗುತ್ತಾರೆ. ಎರಡು ಮೂರು ಸಲ ಹೀಗಾದರೆ ಮಗು "ಹಾಂ ಅಜ್ಜಿ, ಹೂಂ ಅಜ್ಜಿ" ಎಂದು ಫೋನನ್ನು ಅಮ್ಮನ ಕೈಗೆ ಕೊಡುತ್ತದೆ. ಸದ್ದಿಲ್ಲದ ಎಂಜಿನ್ನಿನಲ್ಲಿ ದೋಷ ಹುಡುಕಲು ಯಾವ ಮೆಕ್ಯಾನಿಕ್ಕಿಗೂ ಆಗುವುದಿಲ್ಲ. ಓಡುತ್ತಿದ್ದರೆ ತಾನೆ ಎಲ್ಲಿ ಸೋರುತ್ತದೆ ಎಂದು ಗೊತ್ತಾಗುವುದು?

ಅದಕ್ಕೆ ಪೋಷಕರಲ್ಲಿ ನನ್ನದೊಂದು ಕೋರಿಕೆ. ಮಗು ಮಾತಾಡುವಾಗ ನಡುವೆ ತಡೆಯಬೇಡಿ, ಮುಗಿಸಲಿ. ಆಮೇಲೆ ಒಂದೇ ಒಂದು ತಿದ್ದುಪಡಿ ಹೇಳಿ. ಎಂಜಿನ್ನಿನಲ್ಲೂ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತೇವೆ, ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಶಿಕ್ಷಕರಲ್ಲೂ ಒಂದು ಕೋರಿಕೆ. ಪರೀಕ್ಷೆಯ ಅಂಕದ ಜೊತೆಗೆ ಪ್ರತಿ ಮಗುವಿಗೂ ಒಂದು ಲಾಗ್‌ಬುಕ್ ಇರಲಿ. "ಈ ತಿಂಗಳು ತಾನಾಗಿ ಒಂದು ಪ್ರಶ್ನೆ ಕೇಳಿದಳು", "ಳ ಮತ್ತು ಲ ಇನ್ನೂ ಕಲೆಸುತ್ತಾನೆ" ಎಂದು ಒಂದೊಂದು ಸಾಲು ಸಾಕು. ವರ್ಷದ ಕೊನೆಗೆ ತಿರುಗಿಸಿ ನೋಡಿದರೆ ಮಗು ಎಲ್ಲಿಂದ ಎಲ್ಲಿಗೆ ಬಂತು ಎಂದು ನಿಮಗೂ ನಮಗೂ ಕಾಣುತ್ತದೆ.

ಈ ಮಕ್ಕಳಲ್ಲಿ ಕೆಲವರು ಇನ್ನು ಎರಡು ಮೂರು ವರ್ಷದಲ್ಲಿ ಕಾಲೇಜಿಗೆಂದು ಊರಿಗೋ ಬೇರೆ ದೇಶಕ್ಕೋ ಹೊರಡುತ್ತಾರೆ. ಒಂದು ದಿನ ಆಸ್ಪತ್ರೆಯಲ್ಲಿ ಮಲಗಿದ ತಾತನ ಹತ್ತಿರ ಇವರಲ್ಲೊಬ್ಬರು ಒಬ್ಬರೇ ಕೂತಿರುತ್ತಾರೆ. ಎಲ್ಲಿ ನೋವು, ಏನು ಬೇಕು ಎಂದು ಕೇಳಬೇಕಾಗುತ್ತದೆ. ತಾತನಿಗೆ ಬರುವುದು ಕನ್ನಡ ಒಂದೇ. ಆಗ ನಾವು ಪಕ್ಕದಲ್ಲಿ ಇರುವುದಿಲ್ಲ, ನಮ್ಮ ಶಿಕ್ಷಕಿಯರೂ ಇರುವುದಿಲ್ಲ. ಹಾರಾಟ ಎಂದರೆ ಅದು. ಆ ಹೊತ್ತಿಗೆ ತಡವರಿಸದೆ ಮಾತು ಬರಬೇಕಾದರೆ, ತಡವರಿಸಲು ಈಗ ಇಲ್ಲಿ ಬಿಡಬೇಕು.

ಮಕ್ಕಳೇ, ನೀವು ಇವತ್ತು ಪಡೆಯುವ ಪ್ರಮಾಣಪತ್ರಕ್ಕೆ ನೀವು ತಪ್ಪಿಲ್ಲದೆ ಕನ್ನಡ ಮಾತಾಡುತ್ತೀರಿ ಎಂಬ ಅರ್ಥ ಇಲ್ಲ. ನಿಮ್ಮ ಎಂಜಿನ್ ಸ್ಟಾರ್ಟ್ ಆಗಿದೆ, ಆಯಿಲ್ ಒತ್ತಡ ಸರಿ ಇದೆ, ಇನ್ನು ಧೈರ್ಯವಾಗಿ ಓಡಿಸಬಹುದು ಎಂದು ಅರ್ಥ. ತಪ್ಪಾದರೂ ಮಾತಾಡಿ, ಅಂಗಡಿಯಲ್ಲಿ ಕನ್ನಡದವರು ಕಂಡರೆ ಮಾತಾಡಿಸಿ, ಅಜ್ಜಿಗೆ ನೀವೇ ಫೋನ್ ಮಾಡಿ. ನಗುವವರು ನಗಲಿ.