ಎಳ್ಳು-ಬೆಲ್ಲದ ತಟ್ಟೆ ಯಾರದು?

(ಸಂಕ್ರಾಂತಿ ಹಿಂದಿನ ದಿನ ಕೇರಿಯ ಸಭೆಯಲ್ಲಿ ಆಡಿದ ಮಾತು)



ನಾಳೆ ಸಂಕ್ರಾಂತಿ. ಸುಗ್ಗಿ ಹಬ್ಬ. ನಮ್ಮ ಮೈಸೂರು ಸೀಮೆಯಲ್ಲಿ ಎಳ್ಳು ಬೀರ್ತಾರೆ, ಅವರೆಕಾಯಿ ಗೆಣಸು ಕಡಲೆಕಾಯಿ ಬೇಯಿಸ್ತಾರೆ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತಾರೆ. ಆಡೋಣ. ಅದಕ್ಕೆ ಮೊದಲು ನಿಜದ ಮಾತು ಆಡಬೇಕು.

ನಮ್ಮ ಅವ್ವಂದಿರಿಗೆ ಈ ಎಳ್ಳು-ಬೆಲ್ಲ ತಟ್ಟೆಯಲ್ಲಿ ಬಂದದ್ದಲ್ಲ. ಊರೊಳಗಿನ ಮನೆಯ ಜಗುಲಿ ಕೆಳಗೆ ನಿಂತು ಸೆರಗು ಒಡ್ಡಬೇಕಿತ್ತು. ಮೇಲಿಂದ ಬೀಳೋದು, ಮುಟ್ಟದ ಹಾಗೆ. ಆ ಎಳ್ಳನ್ನು ಕುಯ್ದು, ಬಡಿದು, ತೂರಿ ರಾಶಿ ಮಾಡಿದ್ದು ಇದೇ ಕೈಗಳು. ಕಣದಲ್ಲಿ ನಮಗೆ ಉಳೀತಿದ್ದದ್ದು ಮಣ್ಣು ಬೆರೆತ ಅಡಿಗಾಳು, ಹೊಲದಲ್ಲಿ ಆಯ್ದ ಹಕ್ಕಲು. ಯಾಕೆ ಹೀಗೆ ಅಂದರೆ, ಅದು ಹಿಂದಿನಿಂದ ಬಂದದ್ದು ಅಂದರು.

ಎಷ್ಟು ಹಿಂದಿನಿಂದ? ತಟ್ಟೆಯನ್ನೇ ಕೇಳೋಣ.

ಎಳ್ಳು ಈ ನೆಲದ್ದೇ, ಒಪ್ಪೋಣ. ಹರಪ್ಪದಲ್ಲಿ 4000 ವರ್ಷಕ್ಕೂ ಹಿಂದಿನ, ಸುಟ್ಟು ಕರಕಾದ ಎಳ್ಳು ಸಿಕ್ಕಿದೆ. ಕಬ್ಬನ್ನು ಮೊದಲು ನೆಟ್ಟವರು ಸಮುದ್ರದಾಚೆ ನ್ಯೂಗಿನಿಯ ಜನ. ರಸ ಕಾಯಿಸುವ ವಿದ್ಯೆ ಮಾತ್ರ ನಮ್ಮ ಕಡೆಯದು, ಆಲೆಮನೆ ಒಲೆ ಮುಂದೆ ಬೆಂದವರದು. ಹುರಿಗಡಲೆಯ ಕಡಲೆ ಮೊದಲು ಸಾಗುವಳಿಯಾದದ್ದು ತುರ್ಕಿ ಕಡೆ. ಕಡಲೆಕಾಯಿ, ಗೆಣಸು ಎರಡೂ ಅಮೆರಿಕ ಖಂಡದವು. 1492ರಲ್ಲಿ ಕೊಲಂಬಸ್ ಆ ಕಡೆ ಹೋದ ಮೇಲೆ ಹಡಗಿನವರ ಕೈಯಿಂದ ಕೈಗೆ ದಾಟಿ ಬಂದವು. ಹೊಯ್ಸಳರ ಕಾಲದವರು ಕಡಲೆಬೀಜ ಕಣ್ಣಲ್ಲಿ ಕಂಡಿರಲಿಲ್ಲ. ಸಮುದ್ರ ದಾಟಿದರೆ ಜಾತಿ ಕೆಡುತ್ತೆ ಅಂದವರ ಮಡಿ ತಟ್ಟೆಯಲ್ಲಿ ಸಮುದ್ರ ದಾಟಿ ಬಂದದ್ದು ಹಾಯಾಗಿ ಕೂತಿದೆ! ಅದರ ಜಾತಿ ಯಾರೂ ಕೇಳಲಿಲ್ಲ.

ನಮ್ಮದು ಅಂತ ನಾವು ಎದೆ ತಟ್ಟಿಕೊಳ್ಳುವ ರಾಗಿಯೂ ಆಫ್ರಿಕಾದ ಎತ್ತರದ ಸೀಮೆಯಿಂದ ಬಂದ ನೆಂಟ. ಇದನ್ನೂ ಹೇಳಬೇಕು. ಇಲ್ಲದಿದ್ದರೆ ನಮ್ಮದೂ ಸುಳ್ಳಾಗುತ್ತೆ.

ಹಾಗಾದರೆ ಇದೇ ಮಣ್ಣಿನ ಹಳೇ ಕಾಳು ಯಾವುದು? ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ, ಕಲ್ಲುಕೊಡಲಿ ಕಾಲದ ನೆಲೆಯ ಮಣ್ಣನ್ನು ನೀರಲ್ಲಿ ಕದಡಿ ತೇಲಿದ್ದನ್ನು ಆರಿಸಿದರು. ಸಿಕ್ಕಿದ್ದು ಹುರುಳಿ, ಹೆಸರುಕಾಳು, ಕೊರಲೆ. 3500 ವರ್ಷಕ್ಕೂ ಹಿಂದಿನವು. ಆ ಹುರುಳಿ ನಮಗೆ ಗೊತ್ತು. ಮಳೆ ಕೈಕೊಟ್ಟ ವರ್ಷ ಕಡೇಲಿ ಎರಚಿದರೂ ಬರುತ್ತೆ. ಕಟ್ಟು ಬಸಿದು ಸಾರು ಮಾಡಿ, ಬೆಂದ ಕಾಳನ್ನು ಮಕ್ಕಳ ಅಂಗೈಗೆ ಹಾಕಿ ಸಾಕಿದ ಕೇರಿಗಳಿವು. ಇಂಗ್ಲಿಷಿನವರು ಅದಕ್ಕೆ ಕುದುರೆ ಕಾಳು ಅಂತ ಹೆಸರಿಟ್ಟರು. ಎತ್ತಿಗೆ ಬೇಯಿಸಿದ ಹಂಡೆಯಿಂದಲೇ ಜೀತದಾಳಿಗೂ ಬಡಿಸಿದ ಮನೆಗಳಿದ್ದವು. ಹಬ್ಬದ ತಟ್ಟೆಗೆ ಮಾತ್ರ ಅದು ಬರಲಿಲ್ಲ.

ಹೋದ ಸಂಕ್ರಾಂತಿಗೆ ನಮ್ಮ ಹೆಂಗಸರು ತಾವೇ ಕೊಬ್ಬರಿ ಹೆಚ್ಚಿ, ಎಳ್ಳು ಹುರಿದು, ಅದಕ್ಕೆ ಒಂದೊಂದು ಹಿಡಿ ಹುರಿದ ಹುರುಳಿ ಬೆರೆಸಿದರು. ಹಲ್ಲಿಗೆ ಗಟ್ಟಿ ಅಂತ ಮುದುಕರು ಬೈದರು. ಈ ಸಲ ನೆನೆಸಿ, ಒಣಗಿಸಿ, ಆಮೇಲೆ ಹುರಿದಿದ್ದಾರೆ. ನಾಳೆ ಸಂಜೆ ತಟ್ಟೆ ಕೇರಿಯ ಮನೆ ಮನೆಗೂ ಹೋಗುತ್ತೆ, ಊರೊಳಕ್ಕೂ ಹೋಗುತ್ತೆ. ಜಗುಲಿ ಹತ್ತಿ, ಕೈಗೇ ಕೊಡ್ತೇವೆ. ಯಾರ್ಯಾರು ಬರ್ತೀರಿ, ಈಗಲೇ ಹೆಸರು ಹೇಳಿ.