ಡಿಸೆಂಬರ್ 25: ಬೋರ್ಡಿನ ಮೇಲೆ ಇಲ್ಲದ ಎರಡು ಸಾಲು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಡಿಸೆಂಬರ್ 25ರ ಸಂಜೆ ಆಡಿದ ಮಾತುಗಳು. ಸಭೆಗೆ ಬರಲಾಗದವರು ಕೇಳಿದ್ದರಿಂದ ಇಲ್ಲಿ ಬರೆದು ಕೊಟ್ಟಿದ್ದೇವೆ.)



ಒಳಗೆ ಬರುವಾಗ ನಿಮ್ಮ ಊಟದ ಹಾಲಿನ ಬಾಗಿಲ ಪಕ್ಕದ ಕಪ್ಪುಹಲಗೆ ನೋಡಿದೆವು. ಮೇಲೆ ‘ದಿನದ ವಿಶೇಷ’ ಅಂತ ದುಂಡಗೆ ಬರೆದಿದ್ದೀರಿ. ಕೆಳಗೆ ಎಂಟು ಸಾಲು. ಕ್ರಿಸ್‌ಮಸ್. ಸುಶಾಸನ ದಿನ. ನ್ಯೂಟನ್ ಹುಟ್ಟು, 1642. ಮದನ ಮೋಹನ ಮಾಳವೀಯ ಹುಟ್ಟು, 1861. ಜಿನ್ನಾ ಹುಟ್ಟು, 1876. ಸಂಗೀತ ನಿರ್ದೇಶಕ ನೌಷಾದ್ ಹುಟ್ಟು, 1919. ವಾಜಪೇಯಿ ಹುಟ್ಟು, 1924. ಚಾರ್ಲಿ ಚಾಪ್ಲಿನ್ ಸಾವು, 1977.

ಯಾರು ಬರೀತೀರಿ ಇದನ್ನ? ಒಳ್ಳೆ ಕೆಲಸ. ಪರೀಕ್ಷೆಗೆ ಓದೋರಿಗೆ ಇದೆಲ್ಲ ಬೇಕು. ಒಂದು ಸಾಲನ್ನೂ ಅಳಿಸಿ ಅಂತ ಹೇಳೋಕೆ ನಾವು ಬಂದಿಲ್ಲ.

ಆದರೆ ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ಎಷ್ಟು ಜನರ ಅಪ್ಪನ ಹುಟ್ಟಿದ ದಿನ ಶಾಲೆ ದಾಖಲೆಯಲ್ಲಿ ಜೂನ್ 1 ಅಂತ ಇದೆ? ಕೈ ಎತ್ತಿ. ನೋಡಿ, ಅರ್ಧ ಸಭೆಯೇ ಕೈ ಎತ್ತಿದೆ! ನಗಬೇಡಿ, ನಮ್ಮ ಕೈಯೂ ಮೇಲಿದೆ. ನಮ್ಮಪ್ಪಂದಿರೆಲ್ಲ ಒಂದೇ ದಿನ ಹುಟ್ಟಿದರಾ? ಇಲ್ಲ. ಶಾಲೆಗೆ ಸೇರಿಸೋಕೆ ಹೋದಾಗ ಮೇಷ್ಟ್ರು ಕೇಳಿದರು, ಯಾವಾಗ ಹುಟ್ಟಿದ್ದು ಅಂತ. ಅಜ್ಜಿ ಹೇಳಿದಳು, ‘ಮಾರಿಹಬ್ಬ ಆಗಿ ಮೂರನೇ ದಿನ, ರಾಗಿ ಕುಯ್ಲು ನಡೀತಿತ್ತು ಬುದ್ಧಿ.’ ಅದನ್ನ ಬರೆಯೋಕೆ ದಾಖಲೆ ಪುಸ್ತಕದಲ್ಲಿ ಜಾಗ ಇರಲಿಲ್ಲ. ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡರು. ಅಜ್ಜಿಗೆ ದಿನ ಗೊತ್ತಿತ್ತು. ದಾಖಲೆ ಅವಳ ಕೈಲಿರಲಿಲ್ಲ. ನಮ್ಮ ಇವತ್ತಿನ ಮಾತೆಲ್ಲ ಇಷ್ಟೇ. ಉಳಿದದ್ದು ಇದರ ವಿವರ.

ಕ್ಯಾಲೆಂಡರನ್ನು ಯಾವ ದೇವರೂ ಮೇಲಿಂದ ಇಳಿಸಿದ್ದಲ್ಲ. ಮನುಷ್ಯರು ಕೂತು ಮಾಡಿದ್ದು. ನ್ಯೂಟನ್ ಹುಟ್ಟಿದಾಗ ಇಂಗ್ಲೆಂಡಿನಲ್ಲಿ ಹಳೆಯ ಲೆಕ್ಕವಿತ್ತು, ಆದ್ದರಿಂದ ಡಿಸೆಂಬರ್ 25. ಇವತ್ತಿನ ಲೆಕ್ಕದಲ್ಲಿ ಅದು 1643ರ ಜನವರಿ 4. ಏಸು ಹುಟ್ಟಿದ ತಾರೀಖು ಬೈಬಲ್ಲಿನಲ್ಲಿ ಎಲ್ಲೂ ಇಲ್ಲ. ನಾಲ್ಕನೇ ಶತಮಾನದ ಹೊತ್ತಿಗೆ ರೋಮಿನ ಸಭೆ ಡಿಸೆಂಬರ್ 25ನ್ನು ಆಚರಿಸುತ್ತಿತ್ತು. ‘ಸುಶಾಸನ ದಿನ’ ಆದದ್ದು 2014ರಲ್ಲಿ, ವಾಜಪೇಯಿಯವರ ಹುಟ್ಟುಹಬ್ಬದ ಲೆಕ್ಕಕ್ಕೆ. ಅಂದರೆ ದಿನಕ್ಕೆ ತಾನಾಗಿ ಯಾವ ವಿಶೇಷವೂ ಇಲ್ಲ. ಯಾರ ಕೈಲಿ ಸೀಮೆಸುಣ್ಣ ಇದೆಯೋ ಅವರು ಬರೆದದ್ದು ವಿಶೇಷ.

ಇರೋ ಸಾಲುಗಳನ್ನೂ ನಮ್ಮ ಕಣ್ಣಲ್ಲಿ ಒಂದು ಸಲ ಓದೋಣ. ಏಸುವನ್ನು ಹೆರುವಾಗ ತಾಯಿಗೆ ಛತ್ರದಲ್ಲಿ ಜಾಗ ಸಿಗಲಿಲ್ಲ, ಮಗುವನ್ನು ಗೋದಲಿಯಲ್ಲಿ ಮಲಗಿಸಿದರು ಅನ್ನುತ್ತದೆ ಕತೆ. ಜಾಗ ಕೇಳಿ ಇಲ್ಲ ಅನ್ನಿಸಿಕೊಂಡವರಿಗೆ ಈ ಕತೆ ಬೇಗ ಅರ್ಥವಾಗುತ್ತದೆ. ಚಾಪ್ಲಿನ್ ಸಿನಿಮಾ ನೋಡಿ ನಕ್ಕಿದ್ದೀರಿ. ಏಳು ವರ್ಷದ ಹುಡುಗನಾಗಿದ್ದಾಗ ಅವನು ಲಂಡನ್ನಿನ ಬಡವರ ದುಡಿಮೆಮನೆ ಸೇರಿದ್ದ, ಆಮೇಲೆ ಗತಿಯಿಲ್ಲದ ಮಕ್ಕಳ ವಸತಿ ಶಾಲೆಯಲ್ಲಿದ್ದ. ಅವನೂ ಒಂದು ಥರದ ಹಾಸ್ಟೆಲ್ ಹುಡುಗನೇ.

ಇನ್ನು ಮಾಳವೀಯರು. ಬನಾರಸ್ ಹಿಂದೂ ವಿಶ್ವವಿದ್ಯಾಲಯ ಕಟ್ಟಿದವರು, 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬರು. ಬಿಹಾರದಿಂದ ಜಗಜೀವನ ರಾಂ ಎಂಬ ಬುದ್ಧಿವಂತ ಹುಡುಗನನ್ನು ತಮ್ಮ ವಿಶ್ವವಿದ್ಯಾಲಯಕ್ಕೆ ಕರೆದವರೂ ಅವರೇ. ಹುಡುಗ ಹೋದ. ಅಲ್ಲಿನ ಹಾಸ್ಟೆಲ್ಲಿನಲ್ಲಿ ಅವನಿಗೆ ಊಟ ಬಡಿಸಲು ಒಪ್ಪಲಿಲ್ಲ. ಕ್ಷೌರಿಕರು ತಲೆ ಮುಟ್ಟಲಿಲ್ಲ. ಕರೆದವರು ದೊಡ್ಡವರೇ ಇದ್ದರೂ ಬಡಿಸುವ ಕೈಯಲ್ಲಿ ಜಾತಿ ಇತ್ತು. ಆ ಹುಡುಗ ಮುಂದೆ ದೇಶದ ರಕ್ಷಣಾ ಮಂತ್ರಿಯಾದ. ಮಾಳವೀಯರ ಹೆಸರು ಬರೆಯುವಾಗ ಆ ಊಟದ ತಟ್ಟೆಯನ್ನೂ ನೆನೆಯಿರಿ.

ಈಗ ಇಲ್ಲದ ಸಾಲುಗಳಿಗೆ ಬರೋಣ. ಎರಡಿವೆ.

ಮೊದಲನೆಯದು 1927ರ ಡಿಸೆಂಬರ್ 25, ಮಹಾಡ್. ಮಹಾರಾಷ್ಟ್ರದ ಕೊಂಕಣದ ಒಂದು ಪಟ್ಟಣ. ಅಲ್ಲಿ ಚವದಾರ್ ಕೆರೆ. ದನ ಕುಡಿಯಬಹುದು, ನಾಯಿ ಕುಡಿಯಬಹುದು, ಅಸ್ಪೃಶ್ಯ ಕುಡಿಯುವ ಹಾಗಿಲ್ಲ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಸೇರಿದ್ದು ಅಂತ ಬೊಂಬಾಯಿ ಶಾಸನ ಸಭೆ 1923ರಲ್ಲೇ ಬೋಲೆ ಅವರ ಠರಾವನ್ನು ಪಾಸು ಮಾಡಿತ್ತು. ಮಹಾಡ್ ಪುರಸಭೆಯೂ 1924ರಲ್ಲಿ ಒಪ್ಪಿತ್ತು. ಕಾಗದದಲ್ಲಿ ಕೆರೆ ತೆರೆದಿತ್ತು. ದಡದಲ್ಲಿ ಮುಚ್ಚಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರು ಕುಡಿದರು. ಅಸ್ಪೃಶ್ಯರು ದೇವಸ್ಥಾನಕ್ಕೂ ನುಗ್ತಾರೆ ಅಂತ ಸುಳ್ಳು ಸುದ್ದಿ ಹಬ್ಬಿಸಿ, ಊಟಕ್ಕೆ ಕೂತಿದ್ದ ಜನರ ಮೇಲೆ ಸವರ್ಣೀಯರು ದೊಣ್ಣೆ ಹಿಡಿದು ಬಿದ್ದರು. ಆಮೇಲೆ 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ತುಂಬಿ, ಕೆರೆಯಲ್ಲಿ ಮುಳುಗಿಸಿ, ಮಂತ್ರ ಹೇಳಿ ನೀರನ್ನು ‘ಶುದ್ಧ’ ಮಾಡಿದರು! ಮನುಷ್ಯ ಮುಟ್ಟಿದರೆ ಕೆಡುವ ನೀರು ಸಗಣಿಯಿಂದ ಶುದ್ಧವಾಯಿತಂತೆ. ಆಗಸ್ಟಿನಲ್ಲಿ ಪುರಸಭೆ ತನ್ನ ಠರಾವನ್ನೇ ವಾಪಸ್ ತಗೊಂಡಿತು.

ಡಿಸೆಂಬರಿನಲ್ಲಿ ಎರಡನೇ ಸಮ್ಮೇಳನ. ಈ ಸಲ ಸವರ್ಣೀಯರು ಕೋರ್ಟಿಗೆ ಹೋಗಿ, ಕೆರೆ ಖಾಸಗಿ ಆಸ್ತಿ ಅಂತ ತಡೆಯಾಜ್ಞೆ ತಂದಿದ್ದರು. ಪೆಂಡಾಲು ಹಾಕಲು ಊರಿನ ಹಿಂದೂಗಳು ಯಾರೂ ನೆಲ ಕೊಡಲಿಲ್ಲ. ಫತ್ತೇಖಾನ್ ಎಂಬ ಮುಸಲ್ಮಾನರು ತಮ್ಮ ಜಮೀನು ಕೊಟ್ಟರು. ಅಂಗಡಿಯವರು ಸಾಮಾನು ಕೊಡಲಿಲ್ಲ, ಅಕ್ಕಿ ಬೇಳೆ ಹೊರಗಿಂದ ತರಬೇಕಾಯಿತು. ಬಾಬಾಸಾಹೇಬರು ಬೊಂಬಾಯಿಂದ ದೋಣಿಯಲ್ಲಿ ದಾಸಗಾಂವ್‌ಗೆ ಬಂದು, ಅಲ್ಲಿಂದ ಸುಮಾರು ಐದು ಮೈಲಿ ಜನರ ಜೊತೆ ನಡೆದರು. ಭಾಷಣದಲ್ಲಿ ಈ ಸಭೆಯನ್ನು 1789ರ ಫ್ರಾನ್ಸಿನ ಜನರ ಸಭೆಗೆ ಹೋಲಿಸಿದರು. ನಾವು ಬಂದಿರುವುದು ಬರೀ ನೀರಿಗಲ್ಲ, ನಾವೂ ಎಲ್ಲರ ಹಾಗೆ ಮನುಷ್ಯರು ಅಂತ ಸ್ಥಾಪಿಸೋಕೆ ಎಂಬುದು ಅವರ ಮಾತಿನ ತಿರುಳು.

ಆ ರಾತ್ರಿ ಮನುಸ್ಮೃತಿಯನ್ನು ಸುಟ್ಟರು. ಪೆಂಡಾಲಿನ ಮುಂದೆ ಗುಂಡಿ ತೋಡಿ, ಗಂಧದ ಚಕ್ಕೆ ತುಂಬಿ, ಸಭೆಯಲ್ಲಿ ನಿರ್ಣಯ ಮಾಡಿ ಸುಟ್ಟರು. ನಿರ್ಣಯ ಮಂಡಿಸಿದವರು ಗಂಗಾಧರ ನೀಲಕಂಠ ಸಹಸ್ರಬುದ್ಧೆ. ಹುಟ್ಟಿನಿಂದ ಬ್ರಾಹ್ಮಣರು. ನಮ್ಮ ಜಗಳ ಹುಟ್ಟಿದ ಮನುಷ್ಯನ ಮೇಲಲ್ಲ, ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ಕಟ್ಟಳೆ ಮೇಲೆ. ಇದನ್ನ ಯಾರಾದರೂ ತಿರುಚಿ ಹೇಳಿದರೆ ಈ ಹೆಸರು ಹೇಳಿ.

ಪುಸ್ತಕ ಸುಡೋದು ಸರಿಯಾ ಅಂತ ನಿಮ್ಮ ಕಾಲೇಜಿನಲ್ಲಿ ಕೇಳ್ತಾರೆ. ನಾವು ಹಾಸ್ಟೆಲ್ಲಿನಲ್ಲಿ ಪುಸ್ತಕಕ್ಕಾಗಿ ಜಗಳ ಆಡುವ ಜನ. ಬಾಬಾಸಾಹೇಬರಂತೂ ಮನೆ ಕಟ್ಟಿಸಿದ್ದೇ ಪುಸ್ತಕ ಇಡೋಕೆ. ಅವರು ಮನುಸ್ಮೃತಿಯನ್ನು ಓದದೆ ಸುಡಲಿಲ್ಲ, ಓದಿ ಸುಟ್ಟರು. ಚಂಡಾಲರು ಊರ ಹೊರಗೆ ಇರಬೇಕು, ಹೆಣದ ಬಟ್ಟೆ ಉಡಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು ಅಂತ ಅದರ ಹತ್ತನೇ ಅಧ್ಯಾಯ ಹೇಳುತ್ತದೆ. ಹೆಣ್ಣು ಯಾವ ವಯಸ್ಸಿನಲ್ಲೂ ಸ್ವತಂತ್ರಳಲ್ಲ ಅಂತ ಐದನೇ ಅಧ್ಯಾಯ ಹೇಳುತ್ತದೆ. ನಮ್ಮ ಕೇರಿ ಊರ ಹೊರಗೆ ಯಾಕಿದೆ ಅಂತ ಚಿಕ್ಕಂದಿನಲ್ಲಿ ಕೇಳಿರಲಿಲ್ಲವಾ? ವಿದೇಶಿ ಬಟ್ಟೆ ಸುಟ್ಟದ್ದು ನೂಲಿನ ಮೇಲಿನ ಸಿಟ್ಟಿಗಲ್ಲ, ಗುಲಾಮಗಿರಿ ಮೇಲಿನ ಸಿಟ್ಟಿಗೆ. ಇದೂ ಹಾಗೇ ಅಂತ ಅವರೇ ವಿವರಿಸಿದ್ದಾರೆ.

ತಂಗಿಯರು ಇದನ್ನ ಗಮನಿಸಿ. ಅದೇ ಸಮ್ಮೇಳನದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನು ಕೂರಿಸಿ ಮಾತಾಡಿದರು. ಜಾತಿಯ ಗುರುತು ಸಾರುವ ಉಡುಗೆ ಒಡವೆ ಬಿಡಿ, ಹೆಣ್ಣುಮಕ್ಕಳನ್ನು ಓದಿಸಿ ಅಂದರು. ಅದಕ್ಕೇ ಎಷ್ಟೋ ಕಡೆ ದಲಿತ ಮಹಿಳೆಯರು ಡಿಸೆಂಬರ್ 25ನ್ನು ಸ್ತ್ರೀ ವಿಮೋಚನೆಯ ದಿನವಾಗಿ ಆಚರಿಸುತ್ತಾರೆ.

ನೀರು ಸಿಕ್ಕಿತಾ? ಆ ಸಲ ಕೋರ್ಟಿನ ಆಜ್ಞೆಗೆ ತಲೆಬಾಗಿ ಕೆರೆ ಸತ್ಯಾಗ್ರಹವನ್ನು ಮುಂದೂಡಿ, ಊರಲ್ಲಿ ಮೆರವಣಿಗೆ ಮಾಡಿ ಹಿಂತಿರುಗಿದರು. ಮೊಕದ್ದಮೆ ನಡೆಯಿತು. ಬೊಂಬಾಯಿ ಹೈಕೋರ್ಟಿನಲ್ಲಿ ಗೆದ್ದದ್ದು 1937ರ ಮಾರ್ಚ್ 17ರಂದು. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಎರಡನೇ ಸಾಲು ಹೇಳೋಕೆ ಕಷ್ಟ. 1968ರ ಡಿಸೆಂಬರ್ 25ರ ರಾತ್ರಿ. ತಮಿಳುನಾಡಿನ ಅಂದಿನ ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿ. ಭತ್ತದ ಸೀಮೆ. ಗದ್ದೆ ಜಮೀನ್ದಾರರದ್ದು, ಬೆವರು ನಮ್ಮವರದ್ದು. ಕೂಲಿಗೆ ಇನ್ನೊಂದಿಷ್ಟು ಭತ್ತ ಜಾಸ್ತಿ ಕೊಡಿ ಅಂತ ಅವರು ಕೆಂಪು ಬಾವುಟದ ಸಂಘ ಕಟ್ಟಿಕೊಂಡಿದ್ದರು. ಜಮೀನ್ದಾರರ ಕಡೆಯವರು ರಾತ್ರಿ ಕೇರಿಗೆ ನುಗ್ಗಿದರು. ಹೆಂಗಸರು, ಮಕ್ಕಳು, ಮುದುಕರು ಒಂದು ಸಣ್ಣ ಗುಡಿಸಲಿನಲ್ಲಿ ಅವಿತುಕೊಂಡರು. ಆ ಗುಡಿಸಲಿಗೆ ಬೆಂಕಿ ಹಾಕಿದರು. 44 ಜನ ಸತ್ತರು. ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು.

ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು. 1973ರಲ್ಲಿ ಮದ್ರಾಸ್ ಹೈಕೋರ್ಟು ಜಮೀನ್ದಾರರನ್ನು ಬಿಡುಗಡೆ ಮಾಡಿತು. ಇವರೆಲ್ಲ ಹೆಚ್ಚು ಭೂಮಿ ಇರುವ ಶ್ರೀಮಂತರು, ಒಬ್ಬರಿಗೆ ಕಾರೂ ಇದೆ, ಇಂಥವರು ತಾವೇ ನಡೆದು ಹೋಗಿ ಬೆಂಕಿ ಹಚ್ಚಿದರು ಅಂದರೆ ನಂಬೋದು ಕಷ್ಟ ಅನ್ನೋದು ತೀರ್ಪಿನ ಒಂದು ವಾದ. ಕಾರು ಇದ್ದವನು ಕೊಲೆ ಮಾಡಲಾರ! ಗೆಳೆಯರೆ, ಇದನ್ನ ದೂರದ ಕತೆ ಅನ್ನಬೇಡಿ. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕೀಳ್ವೆಣ್ಮಣಿಯ ಸುದ್ದಿ ಕೇಳಿ ಕೃಷ್ಣಮ್ಮಾಳ್ ಜಗನ್ನಾಥನ್ ಎಂಬ ದಲಿತ ಹೆಣ್ಣುಮಗಳು ಗಂಡನ ಜೊತೆ ಆ ಸೀಮೆಗೆ ಬಂದು ನಿಂತರು. 1981ರಲ್ಲಿ ಸಂಸ್ಥೆ ಕಟ್ಟಿ, ಸಾವಿರಾರು ಎಕರೆ ಜಮೀನನ್ನು ಭೂಮಿಯಿಲ್ಲದ ಕುಟುಂಬಗಳಿಗೆ, ಹೆಂಗಸರ ಹೆಸರಿನಲ್ಲಿ ಕೊಡಿಸಿದರು. ಅಳುವುದು ಒಂದು ಕೆಲಸ, ಅತ್ತ ಮೇಲೆ ಮಾಡುವುದು ಇನ್ನೊಂದು ಕೆಲಸ.

ಈಗ ನಿಮಗೆ ಎರಡು ಕೆಲಸ ಹೇಳ್ತೀವಿ. ಊಟಕ್ಕೆ ಹೋಗುವ ಮುಂಚೆ ಆ ಹಲಗೆ ಮೇಲೆ ಎರಡು ಸಾಲು ಸೇರಿಸಿ. ‘ಮಹಾಡ್, 1927. ಕೀಳ್ವೆಣ್ಮಣಿ, 1968.’ ಜಾಗ ಸಾಲದಿದ್ದರೆ ಅಕ್ಷರ ಸಣ್ಣದು ಮಾಡಿ, ಯಾರನ್ನೂ ಅಳಿಸಬೇಡಿ. ಅಳಿಸೋದು ಅವರ ಪದ್ಧತಿ. ಯಾರಾದರೂ ನಿಮ್ಮ ಸಾಲು ಅಳಿಸಿದರೆ ಜಗಳಕ್ಕೆ ಹೋಗಬೇಡಿ. ಮತ್ತೆ ಬರೀರಿ.

ಎರಡನೇದು, ರಜಕ್ಕೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ತಗೊಂಡು ಹೋಗಿ. ಅಜ್ಜಿಯ ಹತ್ರ ಕೂತು ಕೇಳಿ. ನಮ್ಮ ಕೇರಿಯವರು ಊರ ಬಾವಿಯಿಂದ ಮೊದಲು ನೀರು ಸೇದಿದ್ದು ಯಾವಾಗ? ಹೋಟೆಲಿನಲ್ಲಿ ಬೇರೆ ಲೋಟ ತಪ್ಪಿದ್ದು ಯಾವ ವರ್ಷ? ತಪ್ಪಿದೆಯಾ? ನಮ್ಮ ಕೇರಿಯಿಂದ ಮೊದಲು ಎಸ್ಸೆಲ್ಸಿ ಪಾಸಾದ ಹುಡುಗಿ ಯಾರು? ಅವಳು ‘ಬರಗಾಲದ ಮರುವರ್ಷ’ ಅಂದರೆ ಹಾಗೇ ಬರಕೊಳ್ಳಿ. ತಾರೀಖನ್ನ ಆಮೇಲೆ ನೀವು ಹುಡುಕಿ, ಅದಕ್ಕೇ ಓದಿದ್ದೀರಿ. ಜೂನ್ 1 ಅಂತ ಮಾತ್ರ ಬರೀಬೇಡಿ.

ಇದು ಪರೀಕ್ಷೆಗೆ ಬರುತ್ತಾ ಅಂತ ಕೇಳಬಹುದು. ಬರದೆ ಇರಬಹುದು. ಆದರೆ ಪ್ರಶ್ನೆಪತ್ರಿಕೆ ಮಾಡುವ ಕುರ್ಚಿಯಲ್ಲಿ ನಾಳೆ ನಿಮ್ಮಲ್ಲಿ ಯಾರಾದರೂ ಕೂತಿರುತ್ತೀರಿ. ಆಗ ಈ ಎರಡು ಸಾಲು ನೆನಪಿರಲಿ.

ಸೀಮೆಸುಣ್ಣ ಎಲ್ಲಿದೆ? ತನ್ನಿ.

ಜೈಭೀಮ್.